ಓದುಗರ ಪ್ರಶ್ನೆ: ದಾವೀದನಿಗೆ ಹೆದರಿಕೆ ಆಗಿರಲಿಲ್ವಾ?

ಬೈಬಲ್ಲಿನ ವೀರರ ಬಗ್ಗೆ, ನಮ್ಮ ಯಕ್ಷಗಾನ ಪ್ರಸಂಗ ಮತ್ತು ತುಳುವಿನ ಹಾಡುಗಥೆಗಳಾದ ಪಾಡ್ದನಗಳ ವೀರರ ಬಗ್ಗೆ ಏನು ಬೇಕಾದರೂ ಕೇಳಿ ಅಂತ ಕಳೆದ ಸಂಚಿಕೆಯಲ್ಲಿ ಹೇಳಿದ್ದೆವು. ಕಾಸರಗೋಡಿನ ಕಡೆಯಿಂದಲೇ ಜಾಸ್ತಿ ಪತ್ರ ಬಂದಿವೆ. ಅದರಲ್ಲಿ ಆಶ್ಚರ್ಯ ಏನಿಲ್ಲ. ಬೇಳದ ಇಗರ್ಜಿಯ ಗಂಟೆ, ಮಧೂರಿನ ದೇವಸ್ಥಾನದ ಚೆಂಡೆ, ಕುಂಬಳೆ ಪೇಟೆಯ ಬಾಂಗು, ಈ ಮೂರನ್ನೂ ಕೇಳುತ್ತ ಬೆಳೆದ ಊರಿನವರಲ್ವಾ. ಹೆಸರು ಹಾಕಬೇಡಿ ಅಂತ ಹಲವರು ಬರೆದಿದ್ದರಿಂದ ಎಲ್ಲರ ಊರು ಮಾತ್ರ ಕೊಟ್ಟಿದ್ದೇನೆ.

ಪ್ರಶ್ನೆ (ಬದಿಯಡ್ಕದಿಂದ ನಿವೃತ್ತ ಶಿಕ್ಷಕರೊಬ್ಬರು): ಮೊಮ್ಮಗಳಿಗೆ ದಾವೀದ ಗೊಲ್ಯಾತರ ಕಥೆ ಹೇಳಿದೆ. "ಅಜ್ಜ, ಅವನಿಗೆ ಹೆದರಿಕೆ ಆಗ್ಲಿಲ್ವಾ?" ಅಂದಳು. "ದೇವರನ್ನು ನಂಬಿದವರಿಗೆ ಹೆದರಿಕೆ ಇಲ್ಲ" ಅಂದೆ. ಅವಳು ಒಪ್ಪಿದ ಹಾಗೆ ಕಾಣಲಿಲ್ಲ. ನಾನು ಹೇಳಿದ್ದು ಸರಿಯಾ?

ಉತ್ತರ: ಮಾಷ್ಟ್ರೇ, ನಾನು ಮೊಮ್ಮಗಳ ಪಕ್ಷ. ಒಂದನೇ ಸಮುವೇಲದ 17ನೇ ಅಧ್ಯಾಯ ಇನ್ನೊಮ್ಮೆ ಓದಿ. ಏಲಾ ಕಣಿವೆಯ ಆಚೆ ಗುಡ್ಡದಲ್ಲಿ ಫಿಲಿಷ್ಟಿಯರು, ಈಚೆ ಗುಡ್ಡದಲ್ಲಿ ಇಸ್ರಾಯೇಲರು. ಫಿಲಿಷ್ಟಿಯರ ದೈತ್ಯ ಗೊಲ್ಯಾತ ನಲವತ್ತು ದಿನ ಬೆಳಿಗ್ಗೆ ಸಂಜೆ ಬಂದು ನಿಂತು ಸವಾಲು ಹಾಕುತ್ತಾನೆ. ರಾಜ ಸೌಲನೂ ಅವನ ಸೈನ್ಯವೂ ಹೆದರಿ ಕಂಗೆಟ್ಟರು ಅಂತ ಅಲ್ಲಿ ನೇರವಾಗಿ ಬರೆದಿದೆ. ದಾವೀದ ಹೆದರಿದ ಅಂತಲೂ ಇಲ್ಲ, ಹೆದರಲಿಲ್ಲ ಅಂತಲೂ ಇಲ್ಲ. ಅವನು ಅಲ್ಲಿಗೆ ಬಂದದ್ದೇ ಬೇರೆ ಕೆಲಸಕ್ಕೆ. ಅಣ್ಣಂದಿರಿಗೆ ಹುರಿದ ಕಾಳು, ಹತ್ತು ರೊಟ್ಟಿ, ಅವರ ದಳಪತಿಗೆ ಹತ್ತು ಗಿಣ್ಣು ತಲುಪಿಸಿ ಕ್ಷೇಮ ವಿಚಾರಿಸಿ ಬಾ ಅಂತ ಅಪ್ಪ ಕಳಿಸಿದ್ದ.

ಇನ್ನು, ಬೈಬಲ್ಲಿನಲ್ಲಿ ಈ ಹುಡುಗನ ಬಾಯಿಂದ ಬರುವ ಮೊತ್ತಮೊದಲ ಮಾತು ಏನು ಗೊತ್ತಾ? "ಇವನನ್ನು ಕೊಂದವನಿಗೆ ಏನು ಸಿಗುತ್ತದೆ?" ಹಣ ಸಿಗುತ್ತದೆ, ರಾಜನ ಮಗಳು ಸಿಗುತ್ತಾಳೆ, ಅಪ್ಪನ ಮನೆಗೆ ತೆರಿಗೆ ಮಾಫಿ ಆಗುತ್ತದೆ ಅಂತ ಅಕ್ಕಪಕ್ಕದವರು ಹೇಳುತ್ತಾರೆ. ದೊಡ್ಡಣ್ಣ ಎಲೀಯಾಬನಿಗೆ ಸಿಟ್ಟು ನೆತ್ತಿಗೇರುತ್ತದೆ. ಆ ನಾಲ್ಕು ಕುರಿಗಳನ್ನು ಯಾರ ಕೈಯಲ್ಲಿ ಬಿಟ್ಟು ಬಂದೆ, ಯುದ್ಧ ನೋಡಲು ಬಂದೆಯಾ ಅಂತ ಎಲ್ಲರೆದುರು ಗದರುತ್ತಾನೆ. ಯಾವ ಊರಿನ ಅಣ್ಣನಾದರೂ ಹೇಳುವ ಮಾತೇ. ದೇವರ ಹೆಸರು, ಬಹುಮಾನದ ಆಸೆ, ಅಣ್ಣನ ಬೈಗುಳ ಎಲ್ಲ ಒಟ್ಟಿಗೇ ಇದೆ ಅಲ್ಲಿ. ಭಾನುವಾರದ ಪಾಠದಲ್ಲಿ ನಾವು ಬೇಕಾದ್ದನ್ನು ಮಾತ್ರ ಹೆಕ್ಕಿ ಹೇಳುತ್ತೇವೆ.

ದಾವೀದ ಗೊಲ್ಯಾತನನ್ನು ಕಲ್ಲು ಬೀಸಿ ಬೀಳಿಸಿದ ಕವಣೆಯನ್ನೂ ಮಕ್ಕಳಾಟ ಅಂತ ತಿಳಿಯಬೇಡಿ. ಅದು ಆ ಕಾಲದ ಯುದ್ಧದ ಆಯುಧ. ಬೆನ್ಯಾಮೀನ ಕುಲದ 700 ಎಡಚರು ಕೂದಲೆಳೆಗೂ ಗುರಿ ತಪ್ಪದ ಹಾಗೆ ಕವಣೆ ಬೀಸುತ್ತಿದ್ದರು ಅಂತ ನ್ಯಾಯಸ್ಥಾಪಕರ ಪುಸ್ತಕದಲ್ಲಿದೆ. ಅಸ್ಸೀರಿಯದ ಸೈನ್ಯ ಲಾಕೀಷ್ ಪಟ್ಟಣವನ್ನು ಮುತ್ತಿದ ದೃಶ್ಯದ ಕಲ್ಲಿನ ಕೆತ್ತನೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ, ಅದರಲ್ಲೂ ಕವಣೆ ಬೀಸುವ ಸೈನಿಕರ ಸಾಲು ಕಾಣುತ್ತದೆ. ಸೌಲ ತನ್ನ ಕವಚ ತೊಡಿಸಿದಾಗ ದಾವೀದ "ಇದು ನನಗೆ ಅಭ್ಯಾಸ ಇಲ್ಲ" ಅಂತ ಬಿಚ್ಚಿಟ್ಟು, ತನಗೆ ಗೊತ್ತಿದ್ದ ಆಯುಧ ಹಿಡಿದು ಹೊರಟ. ದೇವರನ್ನು ನಂಬಿದ್ದ ಅಂತ ಹೇಳಿ ಅಭ್ಯಾಸ ಇಲ್ಲದ್ದಕ್ಕೆ ಕೈ ಹಾಕಲಿಲ್ಲ.

ಮೊಮ್ಮಗಳಿಗೆ ಇನ್ನೂ ಸಮಾಧಾನ ಆಗದಿದ್ದರೆ 21ನೇ ಅಧ್ಯಾಯಕ್ಕೆ ಕರೆದುಕೊಂಡು ಹೋಗಿ. ಇದನ್ನು ಯಾರೂ ಮಕ್ಕಳಿಗೆ ಹೇಳುವುದಿಲ್ಲ. ದಾವೀದ ಈಗ ಸೌಲನಿಗೆ ಹೆದರಿ ಓಡುತ್ತಿದ್ದಾನೆ. ಕೈಯಲ್ಲಿ ಕತ್ತಿ ಇಲ್ಲ. ಯಾಜಕನ ಹತ್ತಿರ ಕೇಳಿದಾಗ ಅಲ್ಲಿ ಇದ್ದದ್ದು ಒಂದೇ, ಬಟ್ಟೆಯಲ್ಲಿ ಸುತ್ತಿಟ್ಟ ಗೊಲ್ಯಾತನ ಕತ್ತಿ. ಅದನ್ನು ಹಿಡಿದುಕೊಂಡು ಅವನು ಓಡಿಹೋಗುವುದು ಎಲ್ಲಿಗೆ? ಗತ್ ಪಟ್ಟಣಕ್ಕೆ. ಗೊಲ್ಯಾತನ ಸ್ವಂತ ಊರಿಗೆ! ಅಲ್ಲಿಯವರು ಗುರುತು ಹಿಡಿದರು. ದಾವೀದ ರಾಜ ಆಕೀಷನಿಗೆ ಬಹಳ ಹೆದರಿದ ಅಂತ ಇಲ್ಲಿ ಮಾತ್ರ ಮುಚ್ಚುಮರೆ ಇಲ್ಲದೆ ಬರೆದಿದೆ. ಹೆದರಿ ಏನು ಮಾಡಿದ? ಹುಚ್ಚನ ಹಾಗೆ ನಟಿಸಿದ. ಬಾಗಿಲು ಕೆರೆದ, ಗಡ್ಡದ ಮೇಲೆ ಜೊಲ್ಲು ಸುರಿಸಿಕೊಂಡ. "ನನಗೆ ಇಲ್ಲಿ ಹುಚ್ಚರು ಕಡಿಮೆಯಾ, ಇವನನ್ನು ಯಾಕೆ ತಂದಿರಿ?" ಅಂತ ಆಕೀಷ ತನ್ನವರಿಗೇ ಬೈದ. ದಾವೀದ ಬಚಾವಾದ. ಇದನ್ನು ಅಭಿನಯಿಸಿ ಹೇಳಿದರೆ ಮೊಮ್ಮಗಳು ನಿಮ್ಮನ್ನು ಮಲಗಲು ಬಿಡುವುದಿಲ್ಲ ನೋಡಿ.

ಪ್ರಶ್ನೆ (ಕುಂಬಳೆಯಿಂದ ಪಿಯುಸಿ ವಿದ್ಯಾರ್ಥಿ): ಗೊಲ್ಯಾತನ ಹಾಗೆ ಒಂಬತ್ತೂ ಮುಕ್ಕಾಲು ಅಡಿ ಎತ್ತರದ ಮನುಷ್ಯ ಇರಲು ಸಾಧ್ಯವಾ? ಸುಮ್ನೆ ಕಥೆ ಅಲ್ವಾ?

ಉತ್ತರ: ನಮ್ಮ ಕನ್ನಡ ಬೈಬಲ್ಲಿನಲ್ಲಿರುವ "ಆರು ಮೊಳ ಒಂದು ಗೇಣು" ಲೆಕ್ಕ ಹಾಕಿದರೆ ನೀವು ಹೇಳಿದಷ್ಟೇ ಆಗುತ್ತದೆ. ಆದರೆ ಮೃತ ಸಮುದ್ರದ ಹತ್ತಿರ ಕುಮ್ರಾನ್ ಗುಹೆಗಳಲ್ಲಿ ಸಿಕ್ಕಿದ ಹಳೆಯ ಸುರುಳಿಯಲ್ಲಿ ಇರುವುದು "ನಾಲ್ಕು ಮೊಳ ಒಂದು ಗೇಣು". ಹಳೆಯ ಗ್ರೀಕ್ ಅನುವಾದದಲ್ಲೂ ಹಾಗೇ ಇದೆ. ಅಂದರೆ ಆರೂ ಮುಕ್ಕಾಲು ಅಡಿ. ಇವತ್ತಿನ ವಾಲಿಬಾಲ್ ತಂಡದಲ್ಲಿ ಸಿಗುವ ಎತ್ತರ. ಎರಡನೇ ಸಮುವೇಲದ 21ನೇ ಅಧ್ಯಾಯ ಓದಿದರೆ ನಿಮಗೆ ಇನ್ನೂ ತಲೆ ತಿರುಗಬಹುದು. ಅಲ್ಲಿ ಗೊಲ್ಯಾತನನ್ನು ಕೊಂದವನು ಎಲ್ಹಾನಾನ ಅಂತಿದೆ. ಪೂರ್ವಕಾಲವೃತ್ತಾಂತದಲ್ಲಿ ಅದೇ ಎಲ್ಹಾನಾನ ಕೊಂದದ್ದು ಗೊಲ್ಯಾತನ ತಮ್ಮನನ್ನು. ವಿದ್ವಾಂಸರು ಇದರ ಮೇಲೆ ಇವತ್ತಿಗೂ ಜಗಳ ಆಡುತ್ತಾರೆ.

ಇನ್ನೊಂದು ಕಡೆ ನೆಲ ಅಗೆದವರಿಗೆ ಸಿಕ್ಕಿದ್ದೂ ಇದೆ. 1993ರಲ್ಲಿ ತೇಲ್ ದಾನ್ ಎಂಬಲ್ಲಿ "ದಾವೀದನ ಮನೆತನ" ಅಂತ ಕೆತ್ತಿದ ಶಾಸನದ ಚೂರು ಸಿಕ್ಕಿತು. ಗತ್ ಇದ್ದ ಜಾಗದಲ್ಲಿ 2005ರಲ್ಲಿ ಒಂದು ಮಡಕೆ ಚೂರು ಸಿಕ್ಕಿತು, ಅದರ ಮೇಲೆ ಗೊಲ್ಯಾತ ಎಂಬ ಹೆಸರನ್ನು ಹೋಲುವ ಎರಡು ಹೆಸರುಗಳಿವೆ. ಅವನದೇ ಹೆಸರು ಅಂತ ಅಲ್ಲ, ಅಂಥ ಹೆಸರು ಆ ಊರಿನಲ್ಲಿ ಚಾಲ್ತಿಯಲ್ಲಿತ್ತು ಅಂತ. ಸುಮ್ನೆ ಕಥೆ ಅಂತ ತಳ್ಳಿಹಾಕಲೂ ಆಗದು, ಪತ್ರಿಕೆಯ ವರದಿಯ ಹಾಗೆ ಓದಲೂ ಆಗದು.

ಪ್ರಶ್ನೆ (ಬೇಳದಿಂದ): ನಾವು ಕ್ರೈಸ್ತರು. ಮಗ ಯಕ್ಷಗಾನ ಕಲಿಯುತ್ತಾನೆ. ಸುಧನ್ವನನ್ನು ಎಣ್ಣೆ ಕೊಪ್ಪರಿಗೆಗೆ ಹಾಕಿದ್ದು, ದಾನಿಯೇಲನ ಮೂವರು ಗೆಳೆಯರನ್ನು ಬೆಂಕಿಗೆ ಹಾಕಿದ್ದು ಎರಡೂ ಒಂದೇ ಕಥೆ ಅನ್ನುತ್ತಾನೆ. ಹೌದಾ?

ಉತ್ತರ: ಹುಡುಗ ಚುರುಕಾಗಿದ್ದಾನೆ ಅಕ್ಕ, ಯಕ್ಷಗಾನ ಬಿಡಿಸಬೇಡಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯಲ್ಲಿ ಹುಟ್ಟಿ ಅದನ್ನು ಕಲಿಯದಿದ್ದರೆ ಹೇಗೆ.

ಎರಡೂ ಕಥೆ ಒಂದೇ ಅಲ್ಲ, ಆದರೆ ಪಕ್ಕಪಕ್ಕ ಇಟ್ಟು ನೋಡಲು ಒಳ್ಳೆಯ ಜೋಡಿ. ಲಕ್ಷ್ಮೀಶನ ಜೈಮಿನಿ ಭಾರತ ಓದಿದವರಿಗೆ ಗೊತ್ತು. ಚಂಪಕಾಪುರಿಯ ರಾಜ ಹಂಸಧ್ವಜ ಯುದ್ಧಕ್ಕೆ ತಡವಾಗಿ ಬಂದವರನ್ನು ಕುದಿಯುವ ಎಣ್ಣೆಗೆ ಹಾಕುವುದಾಗಿ ಡಂಗುರ ಸಾರಿಸುತ್ತಾನೆ. ತಡವಾಗಿ ಬಂದವನು ಅವನ ಮಗ ಸುಧನ್ವನೇ. ಹೆಂಡತಿ ಪ್ರಭಾವತಿ ತಡೆದಿದ್ದಳು. ಮಾತಿನಲ್ಲೇ ಪಾತ್ರ ಕಟ್ಟುವ ತಾಳಮದ್ದಳೆಯಲ್ಲಿ ಅರ್ಥಧಾರಿಗಳಿಗೆ ಹಬ್ಬವೇ ಆ ಸನ್ನಿವೇಶ, ಒಂದು ಗಂಟೆ ಎಳೆದರೂ ಯಾರೂ ಏಳುವುದಿಲ್ಲ. ಪುರೋಹಿತರಾದ ಶಂಖ ಲಿಖಿತರು ಬಿಡಲಿಲ್ಲ, ಶಿಕ್ಷೆ ಆಗಲೇಬೇಕು ಅಂದರು. ಸುಧನ್ವ ಹರಿಸ್ಮರಣೆ ಮಾಡುತ್ತ ಕೊಪ್ಪರಿಗೆಗೆ ಇಳಿದ, ಎಣ್ಣೆ ಸುಡಲಿಲ್ಲ. ಎಣ್ಣೆ ಕಾದಿದೆಯಾ ಅಂತ ಪುರೋಹಿತರಿಗೆ ಸಂಶಯ. ಪರೀಕ್ಷೆಗೆ ತೆಂಗಿನಕಾಯಿ ಎಸೆದರೆ ಅದು ಸಿಡಿದು ಎರಡು ಹೋಳಾಗಿ ಅವರಿಬ್ಬರ ಹಣೆಗೇ ಬಡಿಯಿತು. ದಾನಿಯೇಲನ ಪುಸ್ತಕದಲ್ಲೂ ಹೀಗೇ. ಕುಲುಮೆಯನ್ನು ಏಳು ಪಟ್ಟು ಜಾಸ್ತಿ ಕಾಯಿಸಿದ್ದರಿಂದ ಆ ಮೂವರನ್ನು ಎತ್ತಿ ಎಸೆದವರೇ ಸುಟ್ಟು ಸತ್ತರು.

ಆದರೆ ಶದ್ರಕ್, ಮೇಶಕ್, ಅಬೇದ್‌ನೆಗೋ ಬೆಂಕಿಗೆ ಬೀಳುವ ಮೊದಲು ಒಂದು ಮಾತು ಆಡುತ್ತಾರೆ. ನೆಬೂಕದ್ನೆಚ್ಚರ ರಾಜ ಚಿನ್ನದ ಪ್ರತಿಮೆಗೆ ಅಡ್ಡ ಬೀಳಿ ಅಂದಾಗ ಅವರು ಕೊಟ್ಟ ಉತ್ತರದ ಸಾರ ಇಷ್ಟು: ನಮ್ಮ ದೇವರಿಗೆ ನಮ್ಮನ್ನು ಬಿಡಿಸುವ ಶಕ್ತಿ ಇದೆ, ಒಂದು ವೇಳೆ ಬಿಡಿಸದಿದ್ದರೂ ನಿನ್ನ ಪ್ರತಿಮೆಗೆ ನಾವು ಅಡ್ಡ ಬೀಳುವುದಿಲ್ಲ. ನನ್ನ ಮಟ್ಟಿಗೆ ಆ ಅಧ್ಯಾಯದ ಪವಾಡ ಬೆಂಕಿ ಸುಡದೆ ಹೋದದ್ದಲ್ಲ, ಈ ಉತ್ತರ. ಹರಕೆ ಹೇಳಿ ಲೆಕ್ಕ ಇಟ್ಟುಕೊಳ್ಳುವ ನಮಗೆ, ಯಾವ ಧರ್ಮದವರಾದರೂ, ಇದು ಸುಲಭಕ್ಕೆ ಬರುವ ಮಾತಲ್ಲ. "ಮಗನಿಗೆ ಕೆಲಸ ಸಿಕ್ಕಿದರೆ ಮಾಡಿಸುತ್ತೇನೆ" ಅಂತಲೇ ಅಲ್ವಾ ನಾವೆಲ್ಲ ಶುರು ಮಾಡುವುದು?

ಸುಧನ್ವನ ಕಥೆಯಲ್ಲಿ ಇದೇ ವಿಷಯ ಬೇರೆ ಕಡೆಯಿಂದ ಬರುತ್ತದೆ. ಎಣ್ಣೆಯಿಂದ ಬದುಕಿ ಬಂದವನು ಅರ್ಜುನನ ಎದುರು ಹೋಗಿ ಸಾಯುತ್ತಾನೆ. ಅದೂ ಯಾರನ್ನು ನೆನೆದು ಕೊಪ್ಪರಿಗೆಗೆ ಇಳಿದನೋ ಆ ಕೃಷ್ಣನೇ ಎದುರಾಳಿಯ ರಥದಲ್ಲಿ ಕೂತಿರುವಾಗ. ಅರ್ಜುನನ ಮೂರನೇ ಬಾಣವನ್ನೂ ಇವನು ಕತ್ತರಿಸುತ್ತಾನೆ, ಆದರೆ ಅದರ ಅರ್ಧ ತುಂಡು ಹಾರಿ ಬಂದು ತಲೆ ತೆಗೆಯುತ್ತದೆ. ಕಾಪಾಡಿದವನೇ ಕೊಲ್ಲಿಸುವಾಗಲೂ ಭಕ್ತಿ ಅಲುಗುವುದಿಲ್ಲ. ಮಗನಿಗೆ ಹೇಳಿ, ಸುಧನ್ವನ ಅರ್ಥ ಹೇಳುವಾಗ ಕೊಪ್ಪರಿಗೆಯಲ್ಲೇ ಎಲ್ಲ ಭಾವ ಖರ್ಚು ಮಾಡಬೇಡ, ಆ ಕೊನೆಯ ಬಾಣಕ್ಕೆ ಸ್ವಲ್ಪ ಉಳಿಸಿಕೋ ಅಂತ.

ಪ್ರಶ್ನೆ (ಪೈವಳಿಕೆಯಿಂದ): ಬೈಬಲ್ಲಿನ ವೀರರು ಯಾವಾಗಲೂ ಗೆಲ್ಲುತ್ತಾರೆ. ನಮ್ಮ ಪಾಡ್ದನದ ಅವಳಿ ವೀರರಾದ ಕೋಟಿ ಚೆನ್ನಯರು ಧರ್ಮ ಬಿಡದಿದ್ದರೂ ಸತ್ತರು. ಹಾಗಾದರೆ ಅವರ ನಂಬಿಕೆ ಸೋತ ಹಾಗಲ್ವಾ?

ಉತ್ತರ: ಯಾವಾಗಲೂ ಗೆಲ್ಲುತ್ತಾರೆ ಅಂತ ಯಾರು ಹೇಳಿದರು ತಮ್ಮಾ? ಸೌಲನ ಮಗ ಯೋನಾತಾನನನ್ನು ನೋಡಿ. ಇಡೀ ಸೈನ್ಯ ಅಡಗಿ ಕೂತಾಗ ಇವನು ಆಯುಧ ಹೊರುವ ಹುಡುಗನೊಬ್ಬನನ್ನು ಕರೆದುಕೊಂಡು ಕೈಕಾಲು ಊರಿ ಬಂಡೆ ಹತ್ತಿ ಶತ್ರುವಿನ ಠಾಣೆಗೆ ನುಗ್ಗಿದವನು. ಹೊರಡುವಾಗ ದೇವರು ಗೆಲ್ಲಿಸಿಯೇ ಗೆಲ್ಲಿಸುತ್ತಾನೆ ಅಂತಲೂ ಹೇಳಲಿಲ್ಲ, ಬಹುಶಃ ನಮ್ಮ ಪರವಾಗಿ ನಿಂತಾನು ಅಂದ, ಅಷ್ಟೆ. ಅವತ್ತು ಗೆದ್ದ. ಮುಂದೆ ಗಿಲ್ಬೋವ ಬೆಟ್ಟದಲ್ಲಿ ಅಪ್ಪನ ಜೊತೆ, ತಮ್ಮಂದಿರ ಜೊತೆ ಸತ್ತ. ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯದಲ್ಲಿ ನಂಬಿಕೆಯ ವೀರರ ದೊಡ್ಡ ಪಟ್ಟಿಯೇ ಇದೆ. ಅದರಲ್ಲಿ ಕತ್ತಿಯ ಬಾಯಿಂದ ತಪ್ಪಿಸಿಕೊಂಡವರೂ ಇದ್ದಾರೆ, ಎರಡು ಮೂರು ಸಾಲು ದಾಟಿದರೆ ಕತ್ತಿಯಿಂದ ಸತ್ತವರೂ ಇದ್ದಾರೆ. ಬದುಕಿದವರದ್ದು ಮೇಲು ನಂಬಿಕೆ, ಸತ್ತವರದ್ದು ಕೀಳು ಅಂತ ಬರೆದವನು ಎಲ್ಲೂ ಹೇಳಿಲ್ಲ.

ಎಣ್ಮೂರಿನ ಕಾಳಗದಲ್ಲಿ ಕೋಟಿ ಬೀಳುತ್ತಾನೆ, ಅಣ್ಣ ಇಲ್ಲದ ಬದುಕು ಬೇಡ ಅಂತ ಚೆನ್ನಯನೂ ಹೋಗುತ್ತಾನೆ. ಸೋತವರಾಗಿದ್ದರೆ ತುಳುನಾಡಿನ ಉದ್ದಕ್ಕೂ ಅವರ ಗುಡಿಗಳಾದ ಗರಡಿಗಳಲ್ಲಿ ಅವರಿಗೆ ಯಾಕೆ ದೀಪ ಇಡುತ್ತಿದ್ದರು? ಸೋಲಿಸಿದವರ ಹೆಸರಿನಲ್ಲಿ ಎಷ್ಟು ಗರಡಿ ಇವೆ, ನೀವೇ ಲೆಕ್ಕ ಹಾಕಿ.

ಪ್ರಶ್ನೆ (ಉಪ್ಪಳದಿಂದ ತಾಯಿಯೊಬ್ಬರು): ಮಗಳು ಎಸ್ಸೆಸ್ಸೆಲ್ಸಿ. ಪರೀಕ್ಷೆ ಅಂದರೆ ಕೈಕಾಲು ತಣ್ಣಗಾಗುತ್ತದೆ, ಊಟ ಸೇರುವುದಿಲ್ಲ, ಅಳುತ್ತಾಳೆ. ಧೈರ್ಯ ಬರುವ ಒಂದು ಕಥೆ ಹೇಳಿ.

ಉತ್ತರ: ಅಕ್ಕ, ಈಗ ಗೊಲ್ಯಾತನ ಕಥೆ ಹೇಳಬೇಡಿ. ಎಲೀಯನ ಕಥೆ ಹೇಳಿ. ಕರ್ಮೆಲ್ ಬೆಟ್ಟದಲ್ಲಿ ಬಾಳ ಎಂಬ ದೇವತೆಯ 450 ಪ್ರವಾದಿಗಳ ಎದುರು ಒಬ್ಬನೇ ನಿಂತು ಗೆದ್ದವನು ಪ್ರವಾದಿ ಎಲೀಯ. ರಾಣಿ ಈಜೆಬೆಲ್ "ನಾಳೆ ಇಷ್ಟು ಹೊತ್ತಿಗೆ ನಿನ್ನನ್ನು ಮುಗಿಸುತ್ತೇನೆ" ಅಂತ ಹೇಳಿ ಕಳಿಸಿದ್ದೇ ತಡ, ಪ್ರಾಣ ಉಳಿಸಿಕೊಳ್ಳಲು ಓಡಿದ. ಬೇರ್ಷೆಬದಲ್ಲಿ ಸೇವಕನನ್ನು ಬಿಟ್ಟು, ಒಂದು ದಿನದ ದಾರಿ ಮರುಭೂಮಿಯಲ್ಲಿ ನಡೆದು, ಒಂದು ಗಿಡದ ಕೆಳಗೆ ಕೂತು "ಸಾಕು ದೇವರೇ, ನನ್ನ ಪ್ರಾಣ ತೆಗೆ" ಅಂದು ಮಲಗಿಬಿಟ್ಟ.

ಆಗ ದೇವರು ಏನು ಮಾಡಿದ? ಉಪದೇಶ ಮಾಡಲಿಲ್ಲ. ನಿನ್ನೆಯಷ್ಟೇ ಗೆದ್ದವನು ಇವತ್ತು ಅಳುತ್ತೀಯಲ್ಲ ಅಂತ ಹಂಗಿಸಲೂ ಇಲ್ಲ. ದೇವದೂತ ಬಂದು ತಟ್ಟಿ ಎಬ್ಬಿಸಿದ, "ಎದ್ದು ಊಟ ಮಾಡು" ಅಂದ. ತಲೆಯ ಹತ್ತಿರ ಬಿಸಿ ಕಲ್ಲಿನ ಮೇಲೆ ಸುಟ್ಟ ರೊಟ್ಟಿ, ಒಂದು ಕೂಜ ನೀರು. ತಿಂದ, ಕುಡಿದ, ಮತ್ತೆ ಮಲಗಿದ. ಮಲಗಲು ಬಿಟ್ಟರು. ಎರಡನೇ ಸಲ ಎಬ್ಬಿಸಿ ಇನ್ನೊಮ್ಮೆ ತಿನ್ನಿಸಿದ ಮೇಲೆಯೇ ದಾರಿ ದೂರ ಇದೆ ಅಂತ ಮುಂದಿನ ಮಾತು ಬಂದದ್ದು. ಹಾಗಾಗಿ ಮೊದಲು ಗಂಜಿಯೋ ದೋಸೆಯೋ, ಅವಳಿಗೆ ಹಿಡಿಸುವುದನ್ನು ಮಾಡಿ ಕೊಡಿ. ರಾತ್ರಿ ಮೊಬೈಲ್ ತೆಗೆದಿಟ್ಟು ಬೇಗ ಮಲಗಿಸಿ. ಅಂಕದ ಮಾತು ಮನೆಯಲ್ಲಿ ಸ್ವಲ್ಪ ದಿನ ಬೇಡ, ಅವಳ ಅಪ್ಪನಿಗೂ ಹೇಳಿ. ಹೀಗೆ ಮಾಡಿಯೂ ವಾರಗಟ್ಟಲೆ ಊಟ ನಿದ್ದೆ ಇಲ್ಲ ಅಂತಾದರೆ ಡಾಕ್ಟರಿಗೆ ತೋರಿಸಿ. ಅದು ನಂಬಿಕೆ ಕಡಿಮೆ ಆದದ್ದಲ್ಲ.

ಪ್ರಶ್ನೆ (ಮಂಜೇಶ್ವರದಿಂದ): ಯೇಸುವಿಗೂ ಹೆದರಿಕೆ ಆಯಿತು ಅಂದರೆ ಭಕ್ತರಿಗೆ ಬೇಸರ ಆಗುವುದಿಲ್ವಾ?

ಉತ್ತರ: ಆಗಬಾರದು. ಸೆರೆ ಸಿಕ್ಕುವ ಮೊದಲು ಗೆತ್ಸೆಮನೆ ತೋಟದಲ್ಲಿ ಅವನು ಕಳವಳಪಟ್ಟ, ಸಾಧ್ಯವಾದರೆ ಈ ಪಾತ್ರೆ ನನ್ನಿಂದ ದೂರವಾಗಲಿ ಅಂತ ಬೇಡಿಕೊಂಡ ಅಂತ ಬರೆದಿಟ್ಟವರು ಅವನ ಶಿಷ್ಯರ ಬಳಗದವರೇ, ವಿರೋಧಿಗಳಲ್ಲ. ನೀವು ಮಂಜೇಶ್ವರದವರು. ನಿಮ್ಮ ಗೋವಿಂದ ಪೈಗಳು ಯೇಸುವಿನ ಕೊನೆಯ ದಿನದ ಮೇಲೆ ‘ಗೊಲ್ಗೊಥಾ’ ಬರೆದರು, ಬುದ್ಧನ ಕೊನೆಯ ದಿನಗಳ ಮೇಲೆ ‘ವೈಶಾಖಿ’ ಬರೆದರು. ಗೆಲುವಿನ ದಿನ ಬಿಟ್ಟು ಕೊನೆಯ ದಿನವನ್ನೇ ಆರಿಸಿಕೊಂಡ ಕವಿ ನಿಮ್ಮ ಊರಿನಲ್ಲೇ ಇದ್ದರಲ್ಲ. ಅವರ ಸ್ಮಾರಕ ಗಿಳಿವಿಂಡುವಿಗೆ ಒಮ್ಮೆ ಹೋಗಿ ಬನ್ನಿ.

ಪ್ರಶ್ನೆ (ಪೆರ್ಲದಿಂದ): ಚಕ್ರವ್ಯೂಹದಿಂದ ಹೊರಬರಲು ಗೊತ್ತಿಲ್ಲದೆ ಒಳಗೆ ಹೋದ ಅಭಿಮನ್ಯು ಧೈರ್ಯಶಾಲಿಯೋ ದಡ್ಡನೋ?

ಉತ್ತರ: ಹೊರಬರಲು ಗೊತ್ತಿಲ್ಲ ಅಂತ ಅವನು ಮೊದಲೇ ಹೇಳಿದ್ದ. ಹಿಂದೆಯೇ ಬರುತ್ತೇವೆ ಅಂದ ದೊಡ್ಡವರು ಜಯದ್ರಥನ ಹತ್ತಿರ ಸಿಕ್ಕಿಬಿದ್ದರು. ಪ್ರಶ್ನೆಯನ್ನು ಆ ದೊಡ್ಡವರಿಗೆ ಕೇಳಬೇಕು.

ಪ್ರಶ್ನೆ (ಮುಳ್ಳೇರಿಯದಿಂದ): ಬೈಬಲ್ಲಿನಲ್ಲಿ ಧೈರ್ಯ ಎಲ್ಲ ಗಂಡಸರಿಗೇ ಯಾಕೆ?

ಉತ್ತರ: ಹಾಗಿಲ್ಲ. ನೀನು ಬಂದರೆ ಮಾತ್ರ ಯುದ್ಧಕ್ಕೆ ಹೋಗುತ್ತೇನೆ ಅಂತ ಸೇನಾಪತಿ ಬಾರಾಕ ಹೇಳಿದ್ದು ಪ್ರವಾದಿನಿ ದೆಬೋರಳಿಗೆ. ರಾಣಿ ಎಸ್ತೇರಳಂತೂ ನನಗೆ ಬಹಳ ಇಷ್ಟ. ಕರೆಯದೆ ರಾಜನೆದುರು ಹೋದರೆ ಮರಣದಂಡನೆ ಅಂತ ಗೊತ್ತಿದ್ದೂ, ಮೂರು ದಿನ ಉಪವಾಸ ಮಾಡಿ, "ಸತ್ತರೆ ಸಾಯುತ್ತೇನೆ" ಅಂತ ಹೋದವಳು. ಹೀಬ್ರೂ ಭಾಷೆಯ ಎಸ್ತೇರಳ ಪುಸ್ತಕದಲ್ಲಿ ದೇವರ ಹೆಸರು ಒಂದು ಸಲವೂ ಬರುವುದಿಲ್ಲ. ಪವಾಡವೂ ಇಲ್ಲ. ಪೋರ್ಚುಗೀಸರ ಎದುರು ನಿಂತ ಉಳ್ಳಾಲದ ಅಬ್ಬಕ್ಕ ನಿಮ್ಮಲ್ಲಿಂದ ಎಷ್ಟು ದೂರ?

ಪ್ರಶ್ನೆ (ಗಡಿ ಕಡೆಯ ಕನ್ನಡ ಶಾಲೆಯ ಟೀಚರ್): ನಮ್ಮ ಶಾಲೆಯಲ್ಲಿ ವರ್ಷವರ್ಷ ಮಕ್ಕಳು ಕಡಿಮೆ. ಎಲ್ಲರೂ ಇಂಗ್ಲಿಷ್ ಮೀಡಿಯಂ ಬಸ್ಸು ಹತ್ತುತ್ತಾರೆ. ನಮ್ಮಂಥವರಿಗೆ ಯಾವ ವೀರ?

ಉತ್ತರ: ಟೀಚರ್, ನಿಮಗೆ ಕತ್ತಿ ಹಿಡಿದ ವೀರ ಬೇಡ, ಗೋಡೆ ಕಟ್ಟಿದವನು ಬೇಕು. ನೆಹೆಮೀಯ ಪಾರಸಿಯ ರಾಜ ಅರ್ತಷಸ್ತನಿಗೆ ಪಾನಪಾತ್ರೆ ಕೊಡುವ ಕೆಲಸದಲ್ಲಿದ್ದವನು. ಯೆರೂಸಲೇಮಿನ ಗೋಡೆ ಬಿದ್ದ ಸುದ್ದಿ ಕೇಳಿ ಮುಖ ಬಾಡಿತು. ಯಾಕೆ ಬೇಜಾರು ಅಂತ ರಾಜ ಕೇಳಿದಾಗ "ನನಗೆ ಬಹಳ ಹೆದರಿಕೆ ಆಯಿತು" ಅಂತ ತಾನೇ ಬರೆದಿದ್ದಾನೆ. ಹೆದರಿಕೊಂಡೇ ರಜೆ ಕೇಳಿದ, ಮರಮಟ್ಟಿಗೆ ಪತ್ರ ಬೇಕು ಅಂತಲೂ ಕೇಳಿದ! ಊರಿಗೆ ಬಂದು ರಾತ್ರಿ ಗುಟ್ಟಾಗಿ ಸುತ್ತಿ ಎಲ್ಲೆಲ್ಲಿ ಗೋಡೆ ಒಡೆದಿದೆ ನೋಡಿದ. ಆಮೇಲೆ ಕೆಲಸ ಹಂಚಿದ. ಹಲವರು ಕಟ್ಟಿದ್ದು ಅವರವರ ಮನೆಯೆದುರಿನ ತುಂಡು ಗೋಡೆ ಮಾತ್ರ. ಅಕ್ಕಸಾಲಿಗರು, ವ್ಯಾಪಾರಿಗಳು ಇದ್ದರು, ಹೆಣ್ಣುಮಕ್ಕಳ ಜೊತೆ ಬಂದು ಕಟ್ಟಿದವನೂ ಇದ್ದ. ನರಿ ಹತ್ತಿದರೂ ಬೀಳುತ್ತದೆ ಈ ಗೋಡೆ ಅಂತ ವಿರೋಧಿ ತೋಬೀಯ ಗೇಲಿ ಮಾಡಿದ. 52 ದಿನದಲ್ಲಿ ಗೋಡೆ ಮುಗಿಯಿತು.

1956ರ ನವೆಂಬರ್ 1ರಂದು ಈ ಸೀಮೆ ಕೇರಳಕ್ಕೆ ಸೇರಿತು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಕೊನೆವರೆಗೂ ಅದನ್ನು ಒಪ್ಪಲಿಲ್ಲ, ನೂರು ವರ್ಷ ತುಂಬಿ 2015ರಲ್ಲಿ ತೀರಿಕೊಂಡರು. ಅವರ ಹೋರಾಟ ಗೆಲ್ಲಲಿಲ್ಲ, ಆದರೆ ಅವರೂ ಮಾಷ್ಟ್ರೇ, ಪಾಠ ಮಾಡುವುದನ್ನು ನಿಲ್ಲಿಸಲಿಲ್ಲ. ನಿಮ್ಮ ಪಾಲಿನ ತುಂಡು ಗೋಡೆ ಎಂದರೆ ಒಂದನೇ ಕ್ಲಾಸಿಗೆ ಬರುವ ಮಕ್ಕಳು. ಏಪ್ರಿಲ್ ಮೇ ರಜೆಯಲ್ಲೇ ಮನೆಮನೆಗೆ ಹೋಗಿ, ಜೂನ್ ಬರುವಷ್ಟರಲ್ಲಿ ಇಂಗ್ಲಿಷ್ ಮೀಡಿಯಂನವರು ಬಂದು ಹೋಗಿರುತ್ತಾರೆ. ಅಂಗನವಾಡಿ ಟೀಚರನ್ನು ಜೊತೆಗೆ ಕರೆದುಕೊಳ್ಳಿ. ಇಂಗ್ಲಿಷ್ ಚೆನ್ನಾಗಿ ಕಲಿಸುತ್ತೇವೆ ಅಂತ ಹೇಳಿ, ಹೇಳಿದ ಹಾಗೆ ಕಲಿಸಿ. ಸುಮ್ನೆ ಭಾಷಾಭಿಮಾನದ ಭಾಷಣಕ್ಕೆ ಯಾವ ಅಪ್ಪ ಅಮ್ಮನೂ ಮಗುವನ್ನು ಕಳಿಸುವುದಿಲ್ಲ.

ಪ್ರಶ್ನೆ (ವರ್ಕಾಡಿಯಿಂದ ಯುವಕರ ಬಳಗ): ಬೈಬಲ್ಲಿನ ಗಿದ್ಯೋನನ ಕಥೆಯನ್ನು ಕಿರು ಯಕ್ಷಗಾನ ಮಾಡಬೇಕು ಅಂತಿದ್ದೇವೆ. ತಪ್ಪಾಗುತ್ತದಾ? ಏನು ಗಮನಿಸಬೇಕು?

ಉತ್ತರ: ತಪ್ಪು ಯಾಕೆ, ಮಾಡಿ. ಬಡಗುತಿಟ್ಟಿಗಿಂತ ತೆಂಕುತಿಟ್ಟಿನ ಚೆಂಡೆಗೇ ಇದು ಹೊಂದುತ್ತದೆ ಅಂತ ನನ್ನ ಲೆಕ್ಕ, ಬಡಗಿನವರು ಸಿಟ್ಟಾಗಬೇಡಿ. ಪ್ರವೇಶದಲ್ಲೇ ಅವನನ್ನು ವೀರವೇಷದಲ್ಲಿ ಕುಣಿಸಬೇಡಿ. ಕಥೆ ಶುರುವಾಗುವಾಗ ಗಿದ್ಯೋನ ಶತ್ರುಗಳಾದ ಮಿದ್ಯಾನರ ಕಣ್ಣು ತಪ್ಪಿಸಿ ದ್ರಾಕ್ಷಿ ಆಲೆಯೊಳಗೆ ಅಡಗಿ ಗೋಧಿ ಬಡಿಯುತ್ತಿದ್ದಾನೆ. ಅಷ್ಟರಲ್ಲಿ ದೇವದೂತ ಬಂದು "ಪರಾಕ್ರಮಶಾಲಿಯೇ" ಅಂತ ಕರೆಯುತ್ತಾನೆ. ಹಾಸ್ಯಗಾರನಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗದು. ಉಣ್ಣೆಯನ್ನು ಇಬ್ಬನಿಯಲ್ಲಿಟ್ಟು ಎರಡೆರಡು ಸಲ ದೇವರನ್ನು ಪರೀಕ್ಷೆ ಮಾಡುವುದೂ ಇರಲಿ. 32,000 ಜನರಲ್ಲಿ ಹೆದರುವವರು ಮನೆಗೆ ಹೋಗಿ ಅಂದಾಗ 22,000 ಜನ ಎದ್ದು ಹೋದದ್ದು ಭಾಗವತರ ಒಂದು ಪದದಲ್ಲಿ ಮುಗಿಯುತ್ತದೆ. ಉಳಿದ ಹತ್ತು ಸಾವಿರ 300ಕ್ಕೆ ಇಳಿದದ್ದೂ ಹಾಗೆಯೇ.

ಬಿಡಲೇಬಾರದ ದೃಶ್ಯ ಒಂದಿದೆ. ಯುದ್ಧದ ಹಿಂದಿನ ರಾತ್ರಿ ದೇವರೇ ಗಿದ್ಯೋನನಿಗೆ, ನಿನಗೆ ಹೆದರಿಕೆ ಇದ್ದರೆ ಸೇವಕ ಪುರಾನನ್ನು ಕರೆದುಕೊಂಡು ಶತ್ರುವಿನ ಪಾಳೆಯಕ್ಕೆ ಹೋಗಿ ಅವರ ಮಾತು ಕೇಳಿ ಬಾ ಅನ್ನುತ್ತಾನೆ. ಇವನು ಪುರಾನನ್ನು ಕರೆದುಕೊಂಡೇ ಹೋಗುತ್ತಾನೆ! ಅಂದರೆ ಹೆದರಿಕೆ ಇತ್ತು. ಅಲ್ಲಿ ಕತ್ತಲಲ್ಲಿ ಕಿವಿಗೊಟ್ಟರೆ ಒಬ್ಬ ಸೈನಿಕ ಕನಸು ಹೇಳುತ್ತಿದ್ದಾನೆ, ಒಂದು ಜವೆಗೋಧಿ ರೊಟ್ಟಿ ಉರುಳಿಕೊಂಡು ಬಂದು ಡೇರೆಗೆ ಬಡಿದು ಅದನ್ನು ಮಗುಚಿ ಹಾಕಿತು ಅಂತ. ಅವರೂ ಹೆದರಿದ್ದಾರೆ ಅಂತ ಇವನಿಗೆ ಗೊತ್ತಾಗುವುದು ಆಗಲೇ. ಸೇವಕನ ಪಾತ್ರಕ್ಕೆ ಒಳ್ಳೆಯ ಹುಡುಗನನ್ನೇ ಹಾಕಿ. ಗೆದ್ದ ಮೇಲೆ ಗಿದ್ಯೋನ ಲೂಟಿಯ ಚಿನ್ನದಲ್ಲಿ ಏಫೋದು (ಯಾಜಕರು ತೊಡುವಂಥ ಉಡುಪು) ಮಾಡಿಸಿ ಊರವರನ್ನೆಲ್ಲ ಅದರ ಪೂಜೆಗೆ ಬೀಳಿಸಿದ ಕಥೆಯೂ ಇದೆ. ಧೈರ್ಯ ಇದ್ದರೆ ಅದನ್ನೂ ಸೇರಿಸಿ, ಮಂಗಳ ಪದ ಹಾಡುವ ಮೊದಲು.

300 ಜನ ರಂಗಸ್ಥಳದಲ್ಲಿ ಹಿಡಿಸುವುದಿಲ್ಲ, ಆರು ಜನ ಸಾಕು. ಕಥೆಯಲ್ಲಿ ಅವರು ಮಡಕೆಯೊಳಗೆ ದೊಂದಿ ಅಡಗಿಸಿಕೊಂಡು ಹೋಗಿ ಮಡಕೆ ಒಡೆಯುತ್ತಾರಲ್ಲ, ಆ ದೊಂದಿಯ ಬದಲು ಮಡಕೆಯೊಳಗೆ ಬ್ಯಾಟರಿ ಲೈಟು ಇಡಿ, ಶಾಮಿಯಾನದ ಕೆಳಗೆ ಬೆಂಕಿ ಬೇಡ. ನಿಜವಾದ ಮಣ್ಣಿನ ಮಡಕೆಯನ್ನೇ ಒಡೆಯುವುದಾದರೆ ಮುಂದಿನ ಸಾಲಿನ ಮಕ್ಕಳನ್ನು ಸ್ವಲ್ಪ ಹಿಂದೆ ಕೂರಿಸಿ. ದಿನ ನಿಗದಿಯಾದರೆ ಬರೆಯಿರಿ, ನಾನೂ ಬರುತ್ತೇನೆ.